ತಿಂಗಳಿಗೆ ಮೂರು ಸಾವಿರ

ಪುಂಟಾ ಅರೇನಾಸ್‌ನಲ್ಲಿ ಬೀದಿಗೆ ಹಗ್ಗ ಕಟ್ಟುತ್ತಾರೆ,
ಗಾಳಿಯನ್ನು ಕಟ್ಟಿಹಾಕಲಲ್ಲ,
ನಡೆಯುವವರು ಹಾರಿಹೋಗದಿರಲಿ ಎಂದು.
ಆ ಹಗ್ಗ ಹಿಡಿದೇ ಬಂದ ಸಾಂಟಿಯಾಗೋದ ಹುಡುಗ,
ಕೋಟಿನೊಳಗೆ ಕರಾರು, ಕಣ್ಣ ತುಂಬ ನೀರು.

"ಕೊಂಡರೆ ಹಳತಾಗುತ್ತೆ ಮೇಡಂ,
ಬಾಡಿಗೆಗೆ ತಂದರೆ
ಹಳತಾಗೋದು ನಮ್ಮ ಪಾಲಿಗೆ."
ಯೆರ್ಕೊ ಕುಸಾನೊವಿಚ್ ಸಾಹೇಬರು ನಕ್ಕರು;
ಅವರಿಗಾಗಲೇ ಎಪ್ಪತ್ತೊಂದು.
ಅವಧಿ: ಅರವತ್ತು ತಿಂಗಳು.
ಬೆರಳ ಗೆಣ್ಣಿನಲ್ಲಿ ಎಣಿಸಿ,
"ಎರ್ಮೆಲಿಂಡಾ, ಇದು ನನಗಿಂತ ಗಟ್ಟಿ" ಎಂದು
ಸಹಿ ಹಾಕಿದರು.

ನಮ್ಮದು ಲೆಕ್ಕ ಬರೆಯುವ ಕಚೇರಿ.
ಏಡಿ ಹಿಡಿಯುವ ದೋಣಿಗಳದು, ಉಣ್ಣೆಯವರದು,
ಎರಡು ಬೇಕರಿಗಳದು.
ಕಡತ ಮೂಸಿದರೆ ಸಾಕು,
ಯಾರದೆಂದು ಹೇಳಬಲ್ಲೆ.

ಏಳನೆಯ ಕಲಮು ನನಗೆ ಬಾಯಿಪಾಠ:
ತಿಂಗಳಿಗೆ ಕನಿಷ್ಠ ಮೂರು ಸಾವಿರ ಪ್ರತಿ.
ತೆಗೆದರೂ ಅಷ್ಟೇ ದುಡ್ಡು, ಬಿಟ್ಟರೂ ಅಷ್ಟೇ ದುಡ್ಡು.
ಮೀರಿದರೆ ಪ್ರತಿಗೆ ಹನ್ನೆರಡು ಪೆಸೊ.
ಹನ್ನೊಂದನೆಯದು: ಕೆಟ್ಟರೆ
ನಾಲ್ಕು ತಾಸಿನೊಳಗೆ ಮೆಕ್ಯಾನಿಕ್.
ವಿಮಾನಕ್ಕೇ ಮೂರೂವರೆ ತಾಸು.
ಉಳಿದರ್ಧ ತಾಸಿನಲ್ಲಿ ಅವನು
ಗಾಳಿಯನ್ನು ಒಪ್ಪಿಸಬೇಕು.

ಮೊದಲ ತಿಂಗಳು ತೆಗೆದದ್ದು ಸಾವಿರದ ಎಂಟುನೂರ ನಲವತ್ತು.
ಮಿಕ್ಕ ಸಾವಿರದ ನೂರ ಅರವತ್ತು
ಆ ರಾತ್ರಿ ನನ್ನ ನಿದ್ದೆಗೆ ನುಗ್ಗಿದವು
ಬೆಳ್ಳಗೆ, ಒದ್ದೆಯಾಗಿ,
ಯಾರೂ ಉಣ್ಣೆ ಕತ್ತರಿಸದ ಕುರಿಗಳ ಹಾಗೆ.
ಉಣ್ಣದ ಊಟಕ್ಕೆ ಬಿಲ್ಲು ಕಟ್ಟುವ ಜಾಯಮಾನ ನನ್ನದಲ್ಲ.

ಹಾಗೆ ಶುರುವಾಯಿತು ತಿಂಗಳ ಕೊನೆಯ ಸಂಜೆ.
ಎರಿಬೆರ್ತೊ ಬಂದ, ಕಳೆದುಹೋದ ನಾಯಿಯ ಫೋಟೋ ಹಿಡಿದು:
ಇನ್ನೂರು ನಾಯಿ, ಎಲ್ಲವೂ ಅದೇ ಕಿವಿ.
ಚರ್ಚಿನ ಹಾಡುಗಾರರು ಬಂದರು.
ಒತೀಲಿಯಾ ತಂದಳು ಗಂಡನ ಒಂದೇ ಒಂದು ಕಾಗದ,
ದೋಣಿ ಮರಳದ ವರ್ಷದ್ದು.
"ಎಷ್ಟು ಪ್ರತಿ?"
"ಮಸುಕಾಗದಷ್ಟು" ಎಂದಳು.
ಹನ್ನೆರಡು ಕೊಟ್ಟೆ. ಹೆಚ್ಚೋ ಕಡಿಮೆಯೋ
ಈಗಲೂ ಗೊತ್ತಿಲ್ಲ.

ಸಾಹೇಬರಿಗೆ ತಿಳಿದಿತ್ತು. ತಿಳಿಯದವರಂತೆ
ಟೋಪಿ ಹುಡುಕುತ್ತ ನಿಲ್ಲುತ್ತಿದ್ದರು.
ಒಮ್ಮೆ ಎಲ್ಲರೂ ಹೋದ ಮೇಲೆ ಕೇಳಿದರು,
"ಇನ್ನೆಷ್ಟು ಉಳಿದಿದೆ?"
"ಹದಿನೇಳು."
ಖಾಲಿ ಹಾಳೆಯೊಂದನ್ನು ಗಾಜಿನ ಮೇಲಿಟ್ಟು
ಹದಿನೇಳು ಒತ್ತಿದರು.
ಮುಚ್ಚಳದ ಸಂದಿಯಲ್ಲಿ ಹಸಿರು ಬೆಳಕು
ಹೋಯಿತು, ಬಂತು, ಹೋಯಿತು.
ಅದನ್ನೇ ನೋಡುತ್ತ ನಿಂತಿದ್ದರು,
ಕೈಯಲ್ಲಿ ಸಿಕ್ಕ ಟೋಪಿ.

ನಲವತ್ತಮೂರನೆಯ ತಿಂಗಳು ಅವರು ಹೋದರು.
ಮಗಳು ಕಂಪನಿಗೆ ಬರೆದಳು. ವಿನಯದ ಉತ್ತರ ಬಂತು:
ಹತ್ತೊಂಬತ್ತನೆಯ ಕಲಮಿನ ಪ್ರಕಾರ
ಮರಣವು ಕರಾರು ರದ್ದತಿಗೆ ಕಾರಣವಲ್ಲ.
ಅಷ್ಟರಲ್ಲಿ ನಾನು ಅವರ ಸಾವಿನ ಸುದ್ದಿಯನ್ನೇ
ಆ ಯಂತ್ರದಲ್ಲಿ ತೆಗೆಯುತ್ತಿದ್ದೆ,
ಕಪ್ಪು ಅಂಚು, ಸ್ವಲ್ಪ ಓರೆ.
ಬಂದರಿಗೆ, ಬೇಕರಿಗೆ, ಹಗ್ಗದ ಕಂಬಕಂಬಕ್ಕೆ.
ಮೀಟರು ನಿಂತದ್ದು ಮೂರು ಸಾವಿರದ ಇನ್ನೂರ ಹನ್ನೆರಡಕ್ಕೆ.
ಮೊದಲ ಸಲ ಮೀರಿದೆವು.
ಎರಡು ಸಾವಿರದ ಐನೂರ ನಲವತ್ತನಾಲ್ಕು ಪೆಸೊ
ನನ್ನ ಪರ್ಸಿನಿಂದಲೇ ಕಟ್ಟಿದೆ.
ರಸೀದಿ ಕೇಳಲಿಲ್ಲ.

ಗಡುವು ಮುಗಿಯಿತು. ಅದೇ ಹುಡುಗ ಬಂದ,
ಈಗ ಸ್ವಲ್ಪ ಹೊಟ್ಟೆ, ಬೆರಳಿಗೆ ಉಂಗುರ.
"ಇದರೊಳಗೊಂದು ಡಿಸ್ಕ್ ಇದೆ ಮೇಡಂ,
ಕಂಡದ್ದನ್ನೆಲ್ಲ ಇಟ್ಟುಕೊಂಡಿರುತ್ತೆ.
ಅಳಿಸಿಯೇ ಒಯ್ಯಬೇಕು."
ಹೌದು ಎಂಬ ಗುಂಡಿ ನನ್ನಿಂದಲೇ ಒತ್ತಿಸಿದ.
ನಲವತ್ತು ನಿಮಿಷ ಹಿಡಿಯಿತು.
ಅಲ್ಲಿವರೆಗೆ ಇಬ್ಬರೂ ಚಹಾ ಕುಡಿದೆವು,
ಅವನ ಮಗುವಿಗೆ ಹಲ್ಲು ಬರುತ್ತಿರುವ ಮಾತಾಯಿತು.

ಆ ಹದಿನೇಳು ಖಾಲಿ ಹಾಳೆ ನನ್ನ ಡ್ರಾಯರಿನಲ್ಲಿವೆ.
ಮೊನ್ನೆ ಒಂದರಲ್ಲಿ ದಿನಸಿ ಚೀಟಿ ಬರೆದೆ:
ಈರುಳ್ಳಿ, ಬೆಂಕಿಪೊಟ್ಟಣ, ಯೀಸ್ಟು.
ಹದಿನಾರಿವೆ.