ಡಬಲ್ ಬೆಲ್

ಮೂರು ವಾರ ಹಳದಿ ಚೆಂಡು ಕೊಟ್ಟೆ.
ಹಿಸುಕಿ, ಬಿಡಿ, ಹತ್ತು ಸಲ, ಎಂದೆ.
ಘೋರ್ಪಡೆ ಪೇಠೆಯ ಮೂರನೇ ಮಹಡಿಯಲ್ಲಿ
ಏಕನಾಥ ಧಮಧೇರೆ ಗೋಡೆ ನೋಡುತ್ತಿದ್ದರು.
ಚೆಂಡು ಮಂಚದಡಿ ಸೇರಿತ್ತು.
ಅದರ ಮೇಲೆ ಬೆಕ್ಕಿಗಿದ್ದ ನಂಬಿಕೆ ಅವರಿಗಿರಲಿಲ್ಲ.

'ಸಹಕರಿಸುತ್ತಿಲ್ಲ' ಎಂದು ಫೈಲಿನಲ್ಲಿ ಬರೆದೆ.
ಬರೆದ ಕೈಗೆ ಏನೂ ಆಗಿರಲಿಲ್ಲ.

ನಾಲ್ಕನೇ ಸೋಮವಾರ, ಚಹಾ ಆರುತ್ತಿರುವಾಗ, ಕೇಳಿದೆ:
ಈ ಬಲಗೈ ಮೊದಲು ಏನು ಮಾಡುತ್ತಿತ್ತು?
ಲಕ್ವ ಹೊಡೆದ ತುಟಿ ಎಡಕ್ಕೆ ಎಳೆಯಿತು,
ಮಾತು ಬರಲಿಲ್ಲ; ಎಡಗೈ ಕಪಾಟು ತೋರಿಸಿತು.
ಹೆಂಡತಿ ತಗಡಿನ ಡಬ್ಬಿ ತೆಗೆದು
ಸೆರಗಿನಲ್ಲಿ ಒರೆಸಿ ಅವರ ತೊಡೆಯ ಮೇಲಿಟ್ಟರು:
ಟಿಕೇಟು ತೂತು ಮಾಡುವ ಪಂಚು,
ಮೂವತ್ತೊಂದು ವರ್ಷ ಒಂದೇ ಹೆಬ್ಬೆರಳು ಸವೆಸಿದ ಹಿಡಿ.

ಈಗ ನಮ್ಮ ವ್ಯಾಯಾಮ ಇಷ್ಟೇ:
ಧಾರವಾಡದ ನನ್ನ ಮರಾಠಿಯಲ್ಲಿ ನಾನು ಸ್ಟಾಪು ಕೂಗಬೇಕು,
ಅವರು ಒತ್ತಬೇಕು.

ಮೊದಲ ದಿನ ಸ್ವಾರಗೇಟಿಗೆ ಟಕ್ ಅನ್ನಲಿಲ್ಲ.
ಗೋಲಿಬಾರ್ ಮೈದಾನ, ಬೆರಳು ನಡುಗಿತು.
ಪೂಲ್‌ಗೇಟಿಗೆ ಹಣೆಯ ತುಂಬ ಬೆವರು.
ಇವತ್ತಿಗೆ ಇಳಿಯೋಣವೇ, ಎಂದರೆ
ತಲೆಯಲ್ಲಾಡಿಸಿ, ಎಡಗೈ ಎತ್ತಿ,
ಇಲ್ಲದ ಹಗ್ಗವನ್ನು ಎರಡು ಸಲ ಜಗ್ಗಿದರು.

ಹಡಪಸರ್ ಇನ್ನೂ ಮುಟ್ಟಿಲ್ಲ.
ನಿನ್ನೆ ಫಾತಿಮಾನಗರದಲ್ಲಿ
ಕಾಗದಕ್ಕೆ ತೂತು ಬೀಳಲಿಲ್ಲ, ಗುಳಿ ಬಿತ್ತು,
ಹೆಸರುಕಾಳಿನಷ್ಟು.
ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ
ನನ್ನ ಕೈಗಿತ್ತು,
ಅರ್ಧ ಬಾಯಲ್ಲಿ ಜೋಡಿಸಿ ಜೋಡಿಸಿ
ಸಿಡುಕಿನಿಂದ ಕೇಳಿದರು:
"ಚಿಲ್ಲರ್?"