ಕೆಂಪು ಗುಂಡಿ ತಲೆ ಕಡೆ

ಪೀಣ್ಯ ಎರಡನೇ ಹಂತ, ನೀರಿನ ಟ್ಯಾಂಕಿನ ಹಿಂದೆ,
ಮೂರು ಮಹಡಿಯ ಮೇಲೊಂದು ಸಿಮೆಂಟ್ ಶೀಟಿನ ಕೋಣೆ.
ಮಂಚ ಒಂದು. ನಾವು ಇಬ್ಬರು.
ರಾತ್ರಿ ಅದು ಮುಬೀನಾಳದು, ಹಗಲು ನನ್ನದು,
ಬಾಡಿಗೆ ಅರ್ಧರ್ಧ.

ಎಂಟು ತಿಂಗಳಾಯಿತು, ಮುಖ ನೋಡಿದ್ದು ಕಡಿಮೆ.
ಅವಳು ಗಾರ್ಮೆಂಟ್ಸಿನ ಬಸ್ಸು ಹತ್ತುವಾಗ
ನಾನು ಆಸ್ಪತ್ರೆಯ ಬಸ್ಸಿನಿಂದ ಇಳಿಯುತ್ತಿರುತ್ತೇನೆ.
ಗೊತ್ತಿರುವುದು ಇಷ್ಟು:
ಅವಳು ಎಡಕ್ಕೆ ಮಲಗುತ್ತಾಳೆ, ಹಾಸಿಗೆ ಅಲ್ಲಿ ತಗ್ಗು.
ತಲೆಗೆ ಕರಿಬೇವು ಕಾಯಿಸಿದ ಎಣ್ಣೆ.
ಮಂಡಿಗೆ ನೋವಿನ ಮುಲಾಮು,
ತಿಂಗಳ ಕೊನೆಗೆ ಅದರ ವಾಸನೆ ಜಾಸ್ತಿ.

ನನ್ನ ಕೆಲಸ ಹೇಳಿಬಿಡುತ್ತೇನೆ.
ನೆಲಮಾಳಿಗೆಯ ಲಾಂಡ್ರಿ, ರಾತ್ರಿಗೆ ಇನ್ನೂರ ನಲವತ್ತು ಬೆಡ್‌ಶೀಟು.
ಎಣಿಸಬೇಕು, ಬೇರ್ಪಡಿಸಬೇಕು, ಕುದಿನೀರಿಗೆ ತಳ್ಳಬೇಕು.
ಔಷಧಿಯ ಕಲೆ ಹೋಗುತ್ತದೆ.
ರಕ್ತವೂ ಹೋಗುತ್ತದೆ, ತಣ್ಣೀರಲ್ಲಿ ಮೊದಲು ನೆನೆಸಿದರೆ.
ಬೆವರಿನಲ್ಲಿ ಮೂಡಿದ ಆಳಿನ ಆಕಾರ ಮಾತ್ರ
ಮೂರನೇ ಒಗೆತಕ್ಕೂ ಮಸುಕಾಗಿ ಉಳಿದಿರುತ್ತದೆ,
ಭುಜ ಇಲ್ಲಿ, ಹಿಮ್ಮಡಿ ಅಲ್ಲಿ.
ಇಸ್ತ್ರಿಯ ಉರುಳೆ ಅದರ ಮೇಲೇ ಹಾದು ಹೋಗುತ್ತದೆ.
ನಾಲ್ಕು ಮಡಿಕೆ. ಮುಂದಿನದು.

ಇನ್ನು ಮನೆಗೆ ಬಂದು ಬೆಡ್‌ಶೀಟು ಹಾಸಿಕೋ ಅಂದರೆ
ಬೇಕರಿಯವನಿಗೆ ಬನ್ನು ತಿನ್ನು ಅಂದ ಹಾಗೆ.

ಚಾಪೆ ತಂದೆ, ಯಶವಂತಪುರದಿಂದ.
ಎದ್ದರೆ ಕೆನ್ನೆಯ ತುಂಬ ಗೆರೆ.
'ಏನಮ್ಮಾ, ಮುಖದ ಮೇಲೆ ಶಾವಿಗೆ ಒಣಗಿಸ್ತಿದೀಯಾ'
ಅಂದ ಕಂಡಕ್ಟರು, ಚಿಲ್ಲರೆ ಕೊಡದೆ.
ಅವ್ವನ ಕೌದಿ ಇತ್ತು, ಹನ್ನೊಂದು ಸೀರೆಯ ಭಾರ,
ಒಗೆದರೆ ಆಷಾಢದ ಜಿಟಿಜಿಟಿಗೆ
ನಾಲ್ಕು ದಿನ ಹುಳಿಹಿಟ್ಟಿನ ವಾಸನೆ.
ಟವೆಲ್ಲು ಬೆನ್ನಡಿ ಸುರುಳಿ ಸುತ್ತಿತು.
ರೆಕ್ಸಿನ್ನಿನ ಮಾತು ಬೇಡ.

ಮುಬೀನಾಗೆ ಇದನ್ನೆಲ್ಲ ನಾನು ಹೇಳಿದವಳಲ್ಲ.
ಮಂಚ ಹೇಳಿತೋ ಏನೋ.
ಒಂದು ಬೆಳಿಗ್ಗೆ ದಿಂಬಿನ ಮೇಲೆ
ಎರಡು ಹಳೆ ಲುಂಗಿ ಕೂಡಿಸಿದ ಚೀಲ,
ನನ್ನುದ್ದಕ್ಕಿಂತ ಒಂದು ಗೇಣು ಹೆಚ್ಚು.
ಮೂರು ಬದಿ ಓವರ್‌ಲಾಕು, ಒಂದು ಬದಿ ಬಾಯಿ.
ರಫ್ತಿನ ಅಂಗಿಗೆ ಹಾಕುವ ಹೊಲಿಗೆ, ಇಂಚಿಗೆ ಹನ್ನೆರಡು.
ಬಾಯಿಯ ಅಂಚಿಗೆ ಕೆಂಪು ಗುಂಡಿ, ಜೊತೆಗೆ ಚೀಟಿ:
'ದ್ಯಾವೀರಕ್ಕ, ಒಳಗೆ ನುಗ್ಗಿ ಮಲಗಿ.
ಗುಂಡಿ ತಲೆ ಕಡೆ.
ಕಾಲಿಟ್ಟ ಕಡೆ ಮುಖ ಇಡಬೇಡಿ.'

ನುಗ್ಗಿದೆ.
ಗೋಣಿಗೆ ಸುರಿದ ರಾಗಿಯ ಹಾಗೆ
ಮೂಲೆ ಮೂಲೆಗೆ ಸರಿದು ಕೂತೆ.
ಮೇಲೂ ಅದೇ, ಕೆಳಗೂ ಅದೇ,
ಜಾರುವುದಕ್ಕೆ ಏನೂ ಇಲ್ಲ.
ಲುಂಗಿ ಗಂಡನದೋ ಅಪ್ಪನದೋ ಕೇಳಲಿಲ್ಲ.
ಒಗೆದು ಒಗೆದು ಮೊಲದ ಕಿವಿಯಾಗಿತ್ತು ಬಟ್ಟೆ.
ಎದುರು ಶೆಡ್ಡಿನಲ್ಲಿ ಕಬ್ಬಿಣ ಉಜ್ಜುವ ಯಂತ್ರ ಕಿರುಚುತ್ತಲೇ ಇತ್ತು,
ನಾನು ಎರಡು ಗಂಟೆಯವರೆಗೆ ಇರಲಿಲ್ಲ.

ಈಗ ಗೋಡೆಗೆ ಎರಡು ಮೊಳೆ.
ಅವಳ ಚೀಲಕ್ಕೆ ಹಸಿರು ಗುಂಡಿ.
ಒಗೆಯುವುದು ನಾನು, ಎರಡನ್ನೂ ಒಂದೇ ಬಕೆಟ್ಟಿನಲ್ಲಿ,
ಹೊಲಿಗೆ ಬಿಟ್ಟರೆ ಅವಳು.

ಕಳೆದ ಭಾನುವಾರ ಇಬ್ಬರಿಗೂ ರಜೆ ಬಂತು.
ಮಂಚದ ಮುಂದೆ ನಿಂತು, ನೀವು ಮಲಗಿ,
ಅಯ್ಯೋ ಬೇಡ ನೀವು ಮಲಗಿ,
ಮದುವೆಮನೆಯ ಕೊನೆ ಪಂಕ್ತಿಯ ಹಾಗೆ.
ಸಾಕಾಗಿ ಟೀ ಲೋಟ ಹಿಡಿದು ಹೊರಗೆ ಬಂದೆವು.
ತಂತಿಯ ಮೇಲೆ ಚೀಲಗಳು
ಬಾಯಿ ತುಂಬ ಗಾಳಿ ಕುಡಿದು ಊದಿಕೊಂಡಿದ್ದವು.
ಪಕ್ಕಪಕ್ಕ ನೋಡಿದಾಗಲೇ ಗೊತ್ತಾಗಿದ್ದು
ಅವಳದು ಒಂದು ಮೊಳ ಚಿಕ್ಕದು.
'ಬಟ್ಟೆ ಸಾಲಲಿಲ್ಲ ಅಕ್ಕ,' ಅಂದಳು,
'ನಾನು ಹೆಂಗೂ ಮುದುರ್ಕೊಂಡು ಮಲಗ್ತೀನಲ್ಲ.'
ಆ ತಗ್ಗಿನ ಅಳತೆ ನನ್ನ ಬೆನ್ನಿಗೆ ಗೊತ್ತು.
ಸುಮ್ಮನೆ ಟೀ ಕುಡಿದೆ.

ಒಳಗೆ ಮಂಚ,
ಎಂಟು ತಿಂಗಳಲ್ಲಿ ಮೊದಲ ಸಲ,
ಇಡೀ ಮಧ್ಯಾಹ್ನ ಖಾಲಿ.