ಒರೆಸಿದ ಮೇಲೆ

ಪರದೆ ಎಳೆದ ಮೇಲೆ ನಾನು ಮೊದಲು ಮಾಡುವ ಕೆಲಸ
ಸುಮ್ಮನೆ ಕೂಡುವುದು.
ಕಣ್ಣಿಗೆ ಕತ್ತಲೆ ರೂಢಿಯಾಗಲು ಐದು ನಿಮಿಷ,
ನಿಯಮವನ್ನು ಗೋಡೆಗೆ ಅಂಟಿಸಿದ್ದಾರೆ.
ಕತ್ತಲಲ್ಲಿ ಓದಲು ಬರುವುದಿಲ್ಲ.

ಹೊರಗೆ ಹತ್ತರಗಿಯ ಬಿಸಿಲು,
ಹೆದ್ದಾರಿಯಲ್ಲಿ ಏದುಸಿರು ಬಿಡುವ ಕಬ್ಬಿನ ಟ್ರ್ಯಾಕ್ಟರು.
ಒಳಗೆ ಮೇಜಿನ ಮೇಲೆ
ಯಾವ ಕೈಗೂ ದೊಡ್ಡದಾದ ನಿಕ್ಕಲ್ ಬಳೆ.
ಎಂಜಿನ್ನಿನಲ್ಲಿ ಬೆಂಕಿಯ ಸುತ್ತ ಕೂಡಬೇಕಾದದ್ದು.
ತುದಿಗೆ ತುದಿ ಸೇರಿದಲ್ಲಿ ಬೆಸುಗೆ,
ಸಾಲಾಗಿ ಒರಗಿಸಿದ ಎಂಟಾಣೆಗಳ ಹಾಗೆ.
ಅಷ್ಟು ಸಮ ಹಾಕುವ ಕೈ ಇಲ್ಲಿ ಒಂದೇ.

ಎಣ್ಣೆಯಲ್ಲಿ ಅದ್ದಿದ್ದೆ. ಇಪ್ಪತ್ತು ನಿಮಿಷ ಕಾದಿದ್ದೆ.
ತೊಳೆದಿದ್ದೆ: ಮೇಲಿನದು ಹೋಗಬೇಕು,
ಬಿರುಕು ಕುಡಿದದ್ದು ಉಳಿಯಬೇಕು.
ಜೋಳದ ಹಿಟ್ಟು ಉದುರಿಸಿದ ಹಾಗೆ ಬಿಳಿ ಪುಡಿ.
ಆಮೇಲೆ ನೇರಳೆ ದೀಪ.
ಕೊನೆಯ ಎಂಟಾಣೆಯ ನಡುವೆ
ಹಸಿರು ಕೂದಲೊಂದು ಎದ್ದು ಹೊಳೆಯಿತು.

ದಸ್ತಗೀರಸಾಬರು ತಾವೇ ಬಂದರು.
‘ಉಪಾಧ್ಯೆ ಬಾಯೀ, ನನ್ನ ಕಣ್ಣಿಗೆ ತೋರಸ್ರಿ.’
ಕೂತರು. ಅವರ ಅಂಗಿ
ದೀಪದಡಿ ನೀಲಿಯಾಗಿ ಉರಿಯಿತು,
ಮನೆಯಲ್ಲಿ ಯಾರೋ ಸಾಬೂನು ಧಾರಾಳ ಹಾಕಿ ಒಗೆದ ಲೆಕ್ಕ.
ಹಲ್ಲುಗಳೂ ಹೊಳೆದವು,
ಕಟ್ಟಿಸಿದ್ದೊಂದು ಮಾತ್ರ ಕಪ್ಪು.
ನೋಡಬಾರದಿತ್ತು, ನೋಡಿಬಿಟ್ಟೆ.

‘ಏನೂ ಕಾಣವಲ್ತ್ರಿ.’
‘ತಡೀರಿ. ಇನ್ನಾ ಐದ್ ನಿಮಿಷ ಆಗಿಲ್ಲ.’
ಮೂವತ್ತೊಂದು ವರ್ಷ ಕಪ್ಪು ಗಾಜಿನೊಳಗಿಂದ
ಸಣ್ಣ ಸೂರ್ಯನನ್ನು ನೋಡಿದ ಕಣ್ಣು.
ಐದು ಸಾಲಲಿಲ್ಲ. ಹನ್ನೊಂದು ಹಿಡಿಯಿತು.
ಆ ಹನ್ನೊಂದು ನಿಮಿಷದಲ್ಲಿ ಅವರು ಹೇಳಿದ್ದು:
ಅವರ ತಾಯಿ ಖಾನಾಪುರದ ಸಂತೆಯಲ್ಲಿ
ಗಡಿಗೆಗೆ ಗೆಣ್ಣಿನಿಂದ ಬಡಿದು ಕಿವಿ ಕೊಡುತ್ತಿದ್ದಳು,
ಠಣ್ ಅಂದರೆ ತಲೆಮೇಲೆ, ಟಪ್ ಅಂದರೆ ಕುಂಬಾರನಿಗೆ ವಾಪಸು.
‘ಇದೂ ಬಡದೇನ್ರಿ ನಾ. ಗಂಟಿ ಹಂಗ ಅಂತು.’

ಆಮೇಲೆ ಸುಮ್ಮನಾದರು. ಕಂಡಿತ್ತು.

‘ನೂಲು ಇರಬೇಕು. ಒರಸ್ರಿ.’
ಕೇಳುವ ಹಕ್ಕು ಅವರದು, ನಿಯಮದಲ್ಲೇ ಇದೆ.
ಒಂದು ಸಲ, ಒಂದೇ ಸಲ,
ಒದ್ದೆ ಹತ್ತಿಯಿಂದ ಒರೆಸಿದೆ.
ಕಲೆಯಿಲ್ಲದ ಕಪ್ಪು ಲೋಹ.
ಮತ್ತೆ ಪುಡಿ.
ಇಬ್ಬರೂ ಬಗ್ಗಿದೆವು,
ಇಬ್ಬರ ಉಸಿರೂ ಬಳೆಯ ಮೇಲೆ.
ಬರದಿರಲಿ ಅಂದುಕೊಂಡೆ. ಪರೀಕ್ಷಿಸುವವಳು
ಹಾಗೆ ಅಂದುಕೊಳ್ಳಬಾರದು.

ಬಂತು. ಮೊದಲು ಚುಕ್ಕೆ,
ಆಮೇಲೆ ಚುಕ್ಕೆ ಕಾಲು ಚಾಚಿತು.

‘ಎಷ್ಟ್ರಿ?’
‘ಮೂರು ಮಿಲಿಮೀಟರ್.’
‘ಎರಡೂವರಿ ಬರೀರಿ.’
‘ಎರಡೂವರೆಗೂ ಜಾಗ ಇಲ್ಲರೀ.’
ನಕ್ಕರು. ಕಪ್ಪು ಹಲ್ಲು ಕಾಣಿಸಿತು.
‘ಚಹಾದ ಗಂಟಿ ಹೊಡೀತ್ರಿ ಅವತ್ತ.
ಕೈ ಲಗೂ ಎತ್ತಿಬಿಟ್ಟೆ.’

ಕೆಂಪು ಚೀಟಿ ಕಟ್ಟಿದೆ. ದಾರದ ಗಂಟು ಎರಡು ಸಲ ಜಾರಿತು.
ಈ ಬಳೆ ಹಾರುವುದಿಲ್ಲ, ಹಾಗಾಗಿ
ಯಾರಿಗೂ ಏನೂ ಆಗುವುದಿಲ್ಲ,
ಆಗದೆ ಹೋದದ್ದು ಯಾರಿಗೂ ಗೊತ್ತಾಗುವುದಿಲ್ಲ.

ಸಂಜೆ ಬೆಳಗಾವಿಯ ಬಸ್ಸಿನಲ್ಲಿ
ಅವರು ಪಕ್ಕದ ಸೀಟಿಗೇ ಬಂದು ಕೂತರು.
ಯಮಕನಮರಡಿ ದಾಟಿದರೂ ಮಾತಿಲ್ಲ.
ಘಟ್ಟದ ತಿರುವಿನಲ್ಲಿ ಊಟದ ಡಬ್ಬಿಗೆ
ಗೆಣ್ಣಿನಿಂದ ಬಡಿದು ಕಿವಿ ಇಟ್ಟರು.
ಠಣ್.
‘ಖಾಲಿ’ ಅಂದರು, ‘ಇದರಾಗ ಅನುಮಾನ ಇಲ್ಲ.’